ಕೆಜಾಯಾಳ ಹಣೆಯ ಗೀರು

೧೮೬೮ರ ಮಾರ್ಚ್ ಹತ್ತು, ಮಂಗಳವಾರ ಬೆಳಿಗ್ಗೆ ಸಫೋಕ್ ಸೀಮೆಯ ಆ ಠಾಣೆಗೆ ದೂರು ತಂದವರು ಊರಿನ ಪಾದ್ರಿ. ಊರವರು ಮಾಟಗಾತಿ ಎನ್ನುತ್ತಿದ್ದ ಒಂಟಿ ಮುದುಕಿ ಕೆಜಾಯಾ ಮೊಗ್‌ಳನ್ನು ಶನಿವಾರ ಸಂಜೆ ಯಾರೋ ಹಿಂದಿನಿಂದ ಹಿಡಿದು, ಮೊಳೆಯಿಂದ ಹಣೆ ಗೀರಿ ಓಡಿದ್ದರು.

ಇನ್‌ಸ್ಪೆಕ್ಟರ್ ಥರ್ಲೊಗೆ ಆಶ್ಚರ್ಯವಾಗಲಿಲ್ಲ. ಹಿಂದಿನ ವಾರವಷ್ಟೇ ಪಾದ್ರಿ ಶಾಲೆಯಲ್ಲಿ ಚರ್ಚೆ ಏರ್ಪಡಿಸಿದ್ದರು. ನೂರೈವತ್ತು ವರ್ಷದ ಹಿಂದೆ ನ್ಯಾಯಾಲಯ ಬಿಟ್ಟು ಕಳಿಸಿದ ಹೆಂಗಸೊಬ್ಬಳು ನಿಜಕ್ಕೂ ಮಾಟಗಾತಿಯೇ ಎಂದು ಅರ್ಧ ಊರು ಗಂಟಲು ಹರಿದುಕೊಂಡಿತ್ತು. ಮೂಢನಂಬಿಕೆ ಕಳೆಯಲು ಹೋದ ಪುಣ್ಯಾತ್ಮರು ಉರಿಯುವ ಬೆಂಕಿಗೆ ತುಪ್ಪ ಸುರಿದಿದ್ದರು. ಇವತ್ತು ಮೊಳೆ, ನಾಳೆ ಮುದುಕಿಯನ್ನು ಕೆರೆಗೇ ತಳ್ಳಿಯಾರು ಎಂಬ ಭಯ ಥರ್ಲೊಗೆ.

ಮಹಜರು ಮುಗಿಸಿ, ಸಭೆಯಲ್ಲಿ ಹೆಚ್ಚು ಕೂಗಾಡಿದ್ದ ಕಮ್ಮಾರನನ್ನು ಹಿಡಿದ.

"ನೀನೇನಾ?"

"ಮಾತು ನಂದು, ಒಪ್ತೀನಿ. ಆ ಕಡೆ ಹೋಗೋಕೆ ನಂಗೇ ಭಯ ಸಾಹೇಬ್ರೆ."

"ಕತ್ತಲಾದ್ರೆ ಕೋಳಿಗೂಡು ಮುಚ್ಚೋಕೂ ನನ್ನೇ ಕಳಿಸ್ತಾನೆ ಈ ಶೂರ," ಎಂದಳು ಹೆಂಡತಿ.

ಗುರುವಾರ ಪೇದೆ ಗೂಚ್ ಜೊತೆ ಮತ್ತೆ ಮುದುಕಿಯ ಮನೆಗೆ ಹೋದಾಗ ಮೇಜಿನ ಮೇಲೆ ಅರ್ಧ ತಿಂದ ಬೆಣ್ಣೆ ಮುದ್ದೆಯಿತ್ತು.

"ಇದೆಲ್ಲಿಂದ ಬಂತಜ್ಜಿ?"

"ಬೆಳಿಗ್ಗೆ ಹೊಸಿಲ ಮೇಲಿತ್ತಪ್ಪ. ನನ್ನ ಬಾಗಿಲಿಗೆ ಕಲ್ಲು ಬಿಟ್ಟು ಬೇರೇನಾದ್ರೂ ಬಂದು ಎಷ್ಟು ವರ್ಷ ಆಯ್ತೋ. ಇಟ್ಟೋರ ಹೊಟ್ಟೆ ತಣ್ಣಗಿರ್ಲಿ."

ಅಲ್ಲಿ ಬೆಣ್ಣೆ ಮಾರುವ ಪ್ರತಿ ಮನೆಗೂ ಮೇಲೊತ್ತುವ ಮರದ ಅಚ್ಚು ಬೇರೆ ಬೇರೆ. ಉಳಿದ ತುಂಡಿನ ಮೇಲೆ ಹಂಸದ ಕತ್ತು ಕಾಣುತ್ತಿತ್ತು.

"ಡಾರ್ಕಸ್ ಫಿಂಚ್‌ಳ ಮನೆ ಅಚ್ಚು ಸಾರ್," ಎಂದ ಗೂಚ್. "ಸಂತೇಲಿ ನಮ್ಮಮ್ಮ ಇದನ್ನೇ ಕೊಳ್ಳೋದು."

"ನಾನೂ ಬರ್ತೀನಿ," ಎಂದು ಮುದುಕಿ ಎದ್ದಳು. "ಆ ತಾಯಿಗೊಂದು ಒಳ್ಳೆ ಮಾತು ಹೇಳ್ಬೇಕು."

ಡಾರ್ಕಸ್ ಮಗುವನ್ನೆತ್ತಿಕೊಂಡು ಬಾಗಿಲಿಗೆ ಬಂದಳು.

"ಬೆಣ್ಣೆ ಇಟ್ಟಿದ್ದು ನೀನೇನಮ್ಮ?"

"ಹೌದು."

"ಹಣೆ ಗೀರಿದ್ದು?"

"ಅದೂ ನಾನೇ. ಮೂಗಿಗಿಂತ ಮೇಲೆ ರಕ್ತ ತೆಗೆದ್ರೆ ಮಾಟ ಕಳೀತದೆ ಅಂತಾರಲ್ಲ. ಮಾರನೇ ದಿನಾನೇ ಮಗೂಗೆ ಜ್ವರ ಬಿಡ್ತು, ಹಾಲು ಕುಡೀತು. ಬದುಕಿಸ್ಕೊಟ್ಟೋರ ಋಣ ಇಟ್ಕೋಬಾರ್ದು ಸ್ವಾಮಿ."

ಮುದುಕಿಯ ಕೈ ಹಣೆಯ ಪಟ್ಟಿಗೆ ಹೋಯಿತು.

ಥರ್ಲೊ ಬಂಧನದ ಮಾತು ಹೇಳಿದ. ಗಂಡ ಮೀನಿನ ಹಡಗಿನಲ್ಲಿ ಸಮುದ್ರಕ್ಕೆ ಹೋಗಿದ್ದ. ಮಗುವನ್ನು ಯಾರು ನೋಡಿಕೊಳ್ಳುತ್ತೀರಿ ಎಂದು ಕೇಳಿದರೆ ಅಕ್ಕಪಕ್ಕದವರು ಹಿಂದೆ ಸರಿದರು. ಮಾಟ ತಗುಲಿದ ಕೂಸು!

"ಇಲ್ಲಿ ಕೊಡು ಮಗಳೆ," ಎಂದು ಕೆಜಾಯಾ ಕೈ ಚಾಚಿದಳು.

ಡಾರ್ಕಸ್ ಆ ಪಟ್ಟಿಯನ್ನೇ ನೋಡಿದಳು. "ರಕ್ತ ಹೋಯ್ತಲ್ಲ, ಇನ್ನು ನಿನ್ನಿಂದ ಕೇಡಿಲ್ಲ," ಎಂದು ಮಗುವನ್ನು ಕೊಟ್ಟಳು.

ಈ ಮೊದಲು ಡಾರ್ಕಸ್‌ಳ ಇಬ್ಬರು ಮಕ್ಕಳು ಇದೇ ಜ್ವರಕ್ಕೆ ಬಲಿಯಾಗಿದ್ದರು. ಕಾರಣ ದ್ವೇಷವಲ್ಲ, ಭಯ ಎಂದು ಥರ್ಲೊ ವರದಿಯಲ್ಲಿ ಬರೆದ.

ಹೊರಡುವಾಗ ಮುದುಕಿ ಅವನ ತೋಳು ಹಿಡಿದಳು. ಕಣ್ಣು ತುಂಬಿತ್ತು. "ಈ ಊರಲ್ಲಿ ನನ್ನ ಕೈಗೆ ಮಗು ಕೊಟ್ಟೋಳು ಇವಳೊಬ್ಬಳೇ ಕಣಪ್ಪ. ಅವಳನ್ನ ಗದರಿಸ್ಬೇಡ."