ಮಳೆಯಿಲ್ಲದ ದಿನದ ಫೋನು

“ಸರ್, ನಿಮ್ಮೂರಿನ ಅಂಕಿಯೊಳಗ ಏನೋ ಸುಳ್ಳು ಅದ.”

ಲುಂಬಿನಿ ಹಾಗೆಂದಾಗ ನಾನು ಅವಳಿಗೆ ಚಹಾ ಕೊಡುತ್ತಿದ್ದೆ. ಕಪ್ಪು-ಬಸಿ ಕೈಯಲ್ಲೇ ಉಳಿದವು.

ಆಕೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಂಶೋಧನೆ ಮಾಡುವ ಹುಡುಗಿ. ಮಳೆಯನ್ನು ತಾನೇ ಅಳೆದು ಸಿಮ್ಮಿನ ಮೂಲಕ ತಾನೇ ಸುದ್ದಿ ಕಳಿಸುವ ಯಂತ್ರವೊಂದನ್ನು ಅಂದು ಬೆಳಗ್ಗೆ ಚಿಮ್ಮನಚೋಡದ ನನ್ನ ಅಂಗಳದಲ್ಲಿ ನಿಲ್ಲಿಸಿದ್ದಳು. ಅದರ ಅಂಕಿ ಬಳಸುವ ಮೊದಲು ಹತ್ತು ಹಳ್ಳಿಗಳ ಆರು ವರ್ಷದ ಕೈ ಅಳತೆ ಎಷ್ಟು ನಂಬಬಹುದೆಂದು ಅವಳು ತೂಗಿ ನೋಡಬೇಕಿತ್ತು.

ನಾನು ನಿವೃತ್ತ ಮಾಸ್ತರ. ಹೆಂಡತಿ ಚಂದಮ್ಮ ಲಿಂಗೈಕ್ಯಳಾದ ಮೇಲೆ ಈ ಕೆಲಸ ಹಿಡಿದೆ. ಬೆಳಗ್ಗೆ ಲಿಂಗಪೂಜೆ. ಎಂಟೂವರೆಗೆ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು ನೋಡುವುದು, ನೋಟ್‌ಬುಕ್ಕಿನಲ್ಲಿ ಬರೆಯುವುದು, ಚಿತ್ತಾಪುರದಲ್ಲಿದ್ದ ಸಂಶೋಧನೆಯ ಕೋಣೆಗೆ ಫೋನ್ ಮಾಡುವುದು. ಅಲ್ಲಿ ಫೋನ್ ಎತ್ತಿ ಬರೆದುಕೊಳ್ಳುವವರು ಅಂಬುಜಾ. ಅವರ ಮುಖವನ್ನು ನಾನು ಕಂಡಿರಲಿಲ್ಲ.

“ಏನು ಸುಳ್ಳವ್ವಾ?”

“ಮಳಿ ಬರದ ದಿನ ಫೋನ್ ಬ್ಯಾಡಂತ ನಿಯಮ ಅದ. ಬ್ಯಾರೆ ಊರಿನ ಹಾಳಿ ಆ ದಿನ ಖಾಲಿ. ನಿಮ್ಮೂರಿಗಿ ಮಾತ್ರ ದಿನಾ ಸೊನ್ನಿ. ಅಂಬುಜಾ ಮೇಡಂ ರಜಾ ಹಾಕಿದ ದಿನ ಅದೂ ಇಲ್ಲ. ಅಂದ್ರ ಅವರೇ ಕುಂತಲ್ಲಿ ಸೊನ್ನಿ ಬರದಾರ ಅಂತಾಯ್ತಲ್ಲ? ಗೈಡ್ ಸರ್ ನಾಳಿ ಅವರ ಕಡಿಂದ ತಪ್ಪೊಪ್ಪಿಗಿ ಬರಿಸ್ಕೋತಾರ.”

‘ಫೋನ್ ಮಾಡಿದ್ದು ನಾನೇ’ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮುಂದಿನ ಪ್ರಶ್ನೆ ನನಗೆ ಗೊತ್ತಿತ್ತು. ಕಪ್ಪು-ಬಸಿ ಅವಳ ಮುಂದಿಟ್ಟೆ. ಹುಡುಗಿ ಚಹಾ ಕುಡಿದು ಹೋದಳು.

ಚಂದಮ್ಮ ಹೋದ ಮೇಲೆ ನನ್ನ ದನಿ ನನಗೇ ಮರೆತುಹೋಗಿತ್ತು. ದೇವರೆದುರು ಆಡುವ ಮಾತು ಬಿಟ್ಟರೆ ಮನೆಯಲ್ಲಿ ಬೇರೆ ಮಾತಿಲ್ಲ. ಆ ಕಾಲದಲ್ಲೇ ಒಂದು ದಿನ, ಒಣ ಡಬ್ಬಿ ನೋಡಿಯೂ ಫೋನ್ ಮಾಡಿದೆ.

“ಬಾಯಾರ, ಇವತ್ತು ಮಳಿ ಇಲ್ಲ.”

“ಇಲ್ಲಂದ್ರ ಫೋನ್ ಬ್ಯಾಡ್ರಿ ಮಾಸ್ತರ್ರ.”

“ಇಲ್ಲ ಅನ್ನೋದೂ ಒಂದು ಸುದ್ದಿನೇ ಅಲ್ರಿ?”

ಆ ಕಡೆ ಸಣ್ಣ ನಗೆ. “ಖರೆ ಅದ. ಬರಕೊಂಡೆ. ನಾಷ್ಟಾ ಆತ್ರಿ?”

ಹಾಗೆ ಶುರುವಾದದ್ದು ಬೇಸಿಗೆಯಲ್ಲೂ ನಿಲ್ಲಲಿಲ್ಲ.

“ಮಾಸ್ತರ್ರ, ಹೊರಗ ಬೆಂಕಿ ಸುರಿಲಿಕತ್ತದ. ನೀವು ಮಳಿ ಹುಡಕಲಿಕತ್ತೀರಿ?”

“ಹುಡುಕಿದೆ. ಡಬ್ಬಿಯೊಳಗ ಒಂದು ಇರವಿ ಸಿಕ್ತು.”

“ಇರವಿಗಿ ಮಿಲಿಮೀಟರ್ ಇಲ್ರಿ. ಸೊನ್ನಿ ಹಾಕ್ತೀನಿ.”

ಅರ್ಧ ನಿಮಿಷದ ಮಾತು. ಫೋನ್ ಇಟ್ಟ ಮೇಲೆ ಮರುದಿನದ ಎಂಟೂವರೆಯವರೆಗೂ ಮನೆ ಮತ್ತೆ ಮೂಕ.

ಅವರು ರಜೆಯಲ್ಲಿದ್ದರೆ ಸುರೇಶಕುಮಾರ ಎಂಬಾತ ಎತ್ತುತ್ತಿದ್ದ. ಮಳೆಯಾಗಿದ್ದರೆ ಹೇಳುತ್ತಿದ್ದೆ. ಆಗದಿದ್ದರೆ ಸುಮ್ಮನೆ ಫೋನ್ ಇಟ್ಟುಬಿಡುತ್ತಿದ್ದೆ. ಅಂಥ ದಿನ ಸಂಜೆ ಚಂದಮ್ಮನ ಫೋಟೋಕ್ಕೆ ವಿಭೂತಿ ಹಚ್ಚುವಾಗ ಕಣ್ಣು ತಪ್ಪಿಸುತ್ತಿದ್ದೆ.

ಹುಡುಗಿ ಹೋದ ಸಂಜೆ ಆ ಫೋಟೋದ ಮುಂದೆ ಬಹಳ ಹೊತ್ತು ಕುಳಿತೆ. ನನ್ನ ನಾಚಿಕೆಗೆ ಇನ್ನೊಬ್ಬರ ಹೆಸರು ಕೆಡುವುದನ್ನು ಚಂದಮ್ಮ ಒಪ್ಪುತ್ತಿರಲಿಲ್ಲ. ಮರುದಿನ ಪೂಜೆ ಮುಗಿಸಿ, ನೋಟ್‌ಬುಕ್ಕು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ.

ಚಿತ್ತಾಪುರದ ಆ ಕೋಣೆಯಲ್ಲಿ ಎರಡು ಮೇಜು. ಒಂದರಲ್ಲಿ ಲುಂಬಿನಿ. ಇನ್ನೊಂದರಲ್ಲಿ ಐವತ್ತು ದಾಟಿದ ಹೆಂಗಸು, ಎದುರಿಗೆ ಬಿಳಿ ಹಾಳೆ, ಮುಚ್ಚಳ ತೆಗೆಯದ ಪೆನ್ನು.

“ಬಾಯಾರ, ಶರಣು,” ಅಂದೆ.

ಅಂಬುಜಾ ತಲೆ ಎತ್ತಲಿಲ್ಲ. ಕಣ್ಣು ಮುಚ್ಚಿದರು. ಆಮೇಲೆ ನೋಡಿದರು: ಮೊದಲು ನನ್ನ ಚಪ್ಪಲಿ, ಆಮೇಲೆ ಧೋತರದ ಅಂಚು, ಕೊನೆಗೆ ಮುಖ.

“ಇಷ್ಟು ಎತ್ತರ ಅದೀರಂತ ಅನ್ಕೊಂಡಿದ್ದಿಲ್ಲ,” ಅಂದರು.

ನಾನು ನೋಟ್‌ಬುಕ್ಕನ್ನು ಲುಂಬಿನಿಯ ಮುಂದಿಟ್ಟೆ. “ದಿನಾ ಫೋನ್ ಮಾಡಿದ್ದು ನಾನವ್ವಾ. ಅವರು ಬರದದ್ದೆಲ್ಲಾ ಖರೆ.”

ಆಕೆ ತಾರೀಖು ಹಿಡಿದು ಪುಟ ತಿರುವಿದಳು. ಅಂಬುಜಾ ರಜೆ ಹಾಕಿದ ದಿನಗಳಲ್ಲೂ ನನ್ನ ಕೈಬರಹದ ಸೊನ್ನೆ ಇತ್ತು.

“ಅವತ್ತೂ ಅಳತಿ ನೋಡೀರಿ, ಬರದೀರಿ. ಫೋನಿನ್ಯಾಗ ಮಾತ್ರ ಯಾಕ ಹೇಳ್ಲಿಲ್ಲ?”

ನಾನು ಹೆದರಿದ್ದ ಪ್ರಶ್ನೆ ಅದೇ. ಅಂಬುಜಾ ಪೆನ್ನಿನ ಮುಚ್ಚಳವನ್ನೇ ನೋಡುತ್ತಿದ್ದರು.

“ಮಳಿ ಆತು ಅಂತ ಹೇಳಾಕ ಫೋನ್ ಯಾರು ಎತ್ತಿದ್ರೂ ನಡಿತದವ್ವಾ,” ಅಂದೆ. “ಮಳಿ ಇಲ್ಲಂತ ಹೇಳಾಕ ಅವರೇ ಬೇಕಾಗಿತ್ತು.”

ಲುಂಬಿನಿ ಎದ್ದು ಅಂಬುಜಾರ ಮುಂದಿದ್ದ ಬಿಳಿ ಹಾಳೆ ಎತ್ತಿಕೊಂಡಳು. “ಗೈಡ್ ಸರ್‌ಗೆ ನಾ ಹೇಳ್ತೀನಿ ಮೇಡಂ. ಈ ಊರಿನ ಅಂಕಿ ಅಷ್ಟೂ ಬರೋಬ್ಬರಿ ಅದಾವ,” ಎಂದು ಹೊರಗೆ ಹೋದಳು.

ಇಬ್ಬರೇ ಉಳಿದೆವು.

“ಇಷ್ಟು ಮಂದಿ ಮುಂದ ಹೇಳ್ತಾರೇನ್ರಿ?” ಅಂದರು ಅಂಬುಜಾ.

“ಒಬ್ಬಾಕಿನೇ ಇದ್ದಳಲ್ರಿ.”

“ನಾ ಇದ್ದಿದ್ದಿಲ್ಲೇನು?” ಎಂದು ಸೆರಗಿನಿಂದ ಕನ್ನಡಕ ಒರೆಸಿದರು. ಒರೆಸುತ್ತಲೇ ಇದ್ದರು. “ಈ ತಿಂಗಳಿಗಿ ಫೋನ್ ಬಂದ್, ಮಾಸ್ತರ್ರ. ಯಂತ್ರ ಹದಿನೈದು ನಿಮಿಷಕ್ಕೊಮ್ಮಿ ಹೇಳ್ತದ. ನಾನೂ ಮನಿಗಿ.”

“ಗೊತ್ತದ.”

“ನೀವು ಲಿಂಗ ಕಟ್ಟಿದವರು. ನಾವು ಹೊಳಿ ದಂಡ್ಯಾಗ ಮೀನ ಹಿಡಿಯೋ ಮಂದಿ.”

“ಆ ಭೇದ ಹಿಡಿದ್ರ ಲಿಂಗ ಕಟ್ಟಿ ಏನು ಬಂತ್ರಿ?”

ಅವರು ಕಿಟಕಿಯ ಕಡೆ ತಿರುಗಿದರು. “ನಾ ರಜಾ ಹಾಕಿದ್ದೆಲ್ಲಾ ಅಣ್ಣನ ದವಾಖಾನಿಗಿ. ಲಕ್ವಾ ಹೊಡದು ಐದು ವರ್ಷ ಆತು. ನಾ ಎಬ್ಬಿಸಿದ್ರ ಏಳ್ತಾನ, ಇಲ್ಲಂದ್ರ ಇಲ್ಲ. ಅವನ್ನ ಬಿಟ್ಟು ಎಲ್ಲಿಗೂ ಬರಾಕ ಆಗಲ್ಲ.”

“ಬರ್ರಿ ಅಂತ ನಾ ಕರಿಲಿಲ್ಲ.”

“ಮತ್ತ?”

“ಚಂದಮ್ಮನ್ನ ಎರಡು ವರ್ಷ ನಾನೇ ಎತ್ತಿ ಕುಂದರಸ್ತಿದ್ದೆ. ಬೆನ್ನಿಗಿ ಹುಣ್ಣಾಗದಂಗ ಹೊಳ್ಳಸೋದು ನನಗ ಬರ್ತದ.”

ಆ ಎರಡು ವರ್ಷದ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವರು ನೀರಿನ ಬಾಟಲಿಯನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿ, ನಾನು ಕುಡಿಯುವವರೆಗೂ ಕಾದರು. ಆಮೇಲೆ ಗೋಡೆಯ ಗಡಿಯಾರ ನೋಡಿದರು.

“ಅಣ್ಣನ್ನ ಒಂದು ಗಂಟಿಗಿ ಎಬ್ಬಿಸಬೇಕು,” ಎಂದು ಚಪ್ಪಲಿ ಮೆಟ್ಟಿದರು. ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿದರು. “ಭಾಳ ವಜನ ಅದಾನ, ಮತ್ತ.”

ಎರಡು ಓಣಿ ದಾಟಿದರೆ ಅವರ ಮನೆ. ಹಾಸುಗಲ್ಲಿನ ತಣ್ಣನೆಯ ಪಡಸಾಲೆಯಲ್ಲಿ, ಕಿಟಕಿಯ ಪಕ್ಕದ ಮಂಚದಲ್ಲಿ ಅಣ್ಣ ಅಂಬರಾಯ ಮಲಗಿದ್ದರು. ನಾನೊಂದು ಭುಜದ ಕೆಳಗೆ, ಅವರೊಂದು ಭುಜದ ಕೆಳಗೆ ಕೈ ಕೊಟ್ಟೆವು. ಬೆನ್ನಿನ ಅಡಿಯಲ್ಲಿ ಬೆರಳಿಗೆ ಬೆರಳು ತಗುಲಿತು. ಇಬ್ಬರೂ ಹಿಂತೆಗೆಯುವಂತಿರಲಿಲ್ಲ, ತೆಗೆದರೆ ಅಣ್ಣ ಬೀಳುತ್ತಿದ್ದರು.

ಕುಳಿತ ಮೇಲೆ ಅಂಬರಾಯ ಸೊಟ್ಟ ಬಾಯಿಯಲ್ಲಿ ಕೇಳಿದರು, “ಯಾರವ್ವಾ ಇವರು?”

ಅಂಬುಜಾ ಅಣ್ಣನ ತುಟಿಯಂಚನ್ನು ಸೆರಗಿನಿಂದ ಒರೆಸಿದರು.

“ನಮ್ಮೋರು, ಅಣ್ಣ.”

ಅಂಬರಾಯ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಹಂಗಾದ್ರ ಜರಾ ದಿಂಬ ಮ್ಯಾಲ ಮಾಡಂತ ಹೇಳು.”

ಮಾಡಿದೆ.