ಪೈಪಿನಲ್ಲೊಂದು ತೂತು

ಮಂಜಿನಲ್ಲಿ ಕಾರು ಒಮ್ಮೆ ಕೆಮ್ಮಿತು. ಮತ್ತೊಮ್ಮೆ ಕೆಮ್ಮಿ ನಿಂತೇಬಿಟ್ಟಿತು. ಪುಣ್ಯಕ್ಕೆ ಇಳಿಜಾರು ಮನೆಯ ಕಡೆಗೇ ಇತ್ತು. ಸದ್ದಿಲ್ಲದೆ ಉರುಳಿಸಿಕೊಂಡು ಬಂದು, ಶೆಡ್ಡಿನಲ್ಲಿ ಬಾನೆಟ್ ಎತ್ತಿ, ತಾನೇ ಜೋಡಿಸಿದ್ದ ಗಾಳಿಯ ಪೈಪನ್ನು ಬಿಚ್ಚಿ ಬೆಳಕಿಗೆ ಹಿಡಿದಳು ಸೊಸೆ.

ಪೈಪಿನಲ್ಲೊಂದು ತೂತು! ನಾಣ್ಯದಷ್ಟು ಅಗಲ, ಅಚ್ಚುಕಟ್ಟಾಗಿ ಗುಂಡಗೆ. ನಿನ್ನೆ ಇರಲಿಲ್ಲ.

ವಾರವೆಲ್ಲ ಡ್ರೈವಿಂಗ್ ಸ್ಕೂಲಿನಲ್ಲಿ "ನಿಧಾನ, ನಿಧಾನ" ಎಂದು ಕೂಗುವ ಕೆಲಸ ಅವಳದು. ನಾಳೆ ಗುಡ್ಡದ ರೇಸು. ಗೆದ್ದರೆ ತಂಡದಲ್ಲಿ ಜಾಗ. ಸೋತರೆ ಮತ್ತೆ ಯಾರೂ ಕರೆಯುವುದಿಲ್ಲ. ಇಂಜಿನ್ನಿಗೆ ತಣ್ಣನೆಯ ಗಾಳಿ ಸಿಕ್ಕರೆ ಓಟ ಚುರುಕು. ಅದಕ್ಕೆಂದೇ ಅಂಗಡಿಯಿಂದ ತಂದ ಪೈಪಿಗೆ ತುಂಡು ಸೇರಿಸಿ ಉದ್ದ ಮಾಡಿದ್ದಳು. ಅಡುಗೆಮನೆಯ ಹಳೆಯ ಟ್ರೇ ಕತ್ತರಿಸಿ ಬಿಸಿಗೆ ಅಡ್ಡಗೋಡೆ ಕಟ್ಟಿದ್ದಳು. ಫಿಲ್ಟರನ್ನು ಬಂಪರಿನ ಹಿಂದೆ, ನೆಲದ ಹತ್ತಿರಕ್ಕೆ ಇಳಿಸಿದ್ದಳು. ಅಷ್ಟು ಮುದ್ದಿನಿಂದ ಮಾಡಿದ ಕೆಲಸಕ್ಕೆ ಯಾರೋ ತೂತು ಕೊರೆದಿದ್ದರು.

ಯಾರೋ ಏನು? ಅವಳ ಕೆಂಪು ಹಿಡಿಯ ಸ್ಕ್ರೂಡ್ರೈವರ್ ಗಂಡನ ಕೋಟಿನ ಜೇಬಿನಲ್ಲೇ ಸಿಕ್ಕಿತು.

ಕನ್ನಡಕದ ಅಂಗಡಿಯವನಾದ ಗಂಡನಿಗೆ ಈ ರೇಸು ಬಿಲ್ಕುಲ್ ಇಷ್ಟವಿರಲಿಲ್ಲ. ಇಬ್ಬರೂ ಮಾತು ಬಿಟ್ಟು ಕೆಲವು ದಿನಗಳೇ ಆಗಿದ್ದವು. ಕೇಳಿದ್ದಕ್ಕೆ "ನಾನಲ್ಲ" ಎಂದವನು ಎದ್ದು ಹೊರಗೆ ಹೋದ. ಸೊಸೆ ಸೀದಾ ಹೋಗಿ ಸೂಟ್‌ಕೇಸ್ ತೆಗೆದಳು. ಮಂಜು ಕಿಟಕಿಯಿಂದ ಕೋಣೆಯೊಳಕ್ಕೇ ಬಂದಂತಿತ್ತು. ಹಿಂದಿನ ಕೋಣೆಯಲ್ಲಿ ಮಾವ ರಿಪೇರಿ ಮಾಡುತ್ತಿದ್ದ ಅಕಾರ್ಡಿಯನ್ನಿನ ತಿದಿ ಒಂದೇ ಸ್ವರವನ್ನು ಎಳೆಯುತ್ತಿತ್ತು. ಬಟ್ಟೆ ಮಡಿಸುತ್ತಿರುವುದು ಬೇರೆ ಯಾರದೋ ಕೈ ಅನ್ನಿಸುತ್ತಿತ್ತು ಅವಳಿಗೆ.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಪೊಲೀಸ್ ಪತ್ತೇದಾರಿಕೆಯಿಂದ ನಿವೃತ್ತರಾಗಿದ್ದರೂ ಪ್ರಶ್ನೆ ಕೇಳುವ ಚಟ ಅವರನ್ನು ಬಿಟ್ಟಿರಲಿಲ್ಲ; ತರಕಾರಿಯವನನ್ನೂ ವಿಚಾರಣೆ ಮಾಡಿಯೇ ಕೊಳ್ಳುತ್ತಿದ್ದರು.

"ಯಾರ ಮೇಲೆ ಅನುಮಾನ?"

"ನಿಮ್ಮ ಮಗನ ಮೇಲೆ. ನನ್ನ ಸ್ಕ್ರೂಡ್ರೈವರ್ ಅವನ ಜೇಬಲ್ಲಿತ್ತು."

ಅತ್ತೆಯ ಮುಖದಲ್ಲಿ ಏನೂ ಕದಲಲಿಲ್ಲ. "ಮಗನಾದ್ರೆ ಮಗ. ಮೊದಲು ಜಾಗ ತೋರ್ಸು," ಎಂದರು.

ಶೆಡ್ಡಿನಲ್ಲಿ ಪೈಪನ್ನು ಮೂಗಿನ ಹತ್ತಿರ ಹಿಡಿದು ಅತ್ತೆ ವಿಚಾರಣೆ ಶುರುಮಾಡಿದರು. ಮನೆಯವರನ್ನು ಬಿಟ್ಟರೆ ಇನ್ಯಾರು? ಪಕ್ಕದ ಮನೆಯ ಹಲ್ಲಿನ ಡಾಕ್ಟರು, ಎಂದಳು ಸೊಸೆ. ಕಾರಿನ ಸದ್ದಿಗೆ ಮಧ್ಯಾಹ್ನದ ನಿದ್ದೆ ಹಾಳು ಎಂದು ಅವರು ಜಗಳಕ್ಕೆ ಬಂದಿದ್ದರು. ಕೊರೆಯುವುದಂತೂ ಅವರ ಕಸುಬೇ. ಆದರೆ ಶೆಡ್ಡಿಗೆ ಹೊರಗಿನಿಂದ ಬೀಗ. ಒಳಗಿನ ಬಾಗಿಲು ತೆರೆಯುವುದು ಅಡುಗೆಮನೆಗೆ. ಬೀಗ ಹಾಗೇ ಇತ್ತು. ಡಾಕ್ಟರನ್ನು ಅತ್ತೆ ಅಲ್ಲಿಗೇ ಕೈಬಿಟ್ಟರು.

"ಅಂಚು ಮುಟ್ಟಿ ನೋಡು. ಹೇಗಿದೆ?"

"ನುಣ್ಣಗಿದೆ."

"ಉಪ್ಪುಕಾಗದದಲ್ಲಿ ಉಜ್ಜಿದಾರೆ. ಒಳಗೆ ಒಂದು ಚೂರು ಪುಡಿ ಇಲ್ಲ — ಒರೆಸಿದಾರೆ. ಕಾರು ಕೆಡಿಸೋಕೆ ಬಂದೋರು ಇಂಜಿನ್ನಿಗೆ ಧೂಳು ಹೋಗದ ಹಾಗೆ ಯಾಕೆ ನೋಡ್ಕೊಳ್ತಾರೆ?"

ಸೊಸೆ ಪೈಪನ್ನು ಮತ್ತೆ ಬೆಳಕಿಗೆ ಹಿಡಿದಳು. ತೂತಿನ ಸುತ್ತ ಒಳಗಡೆ ತೆಳ್ಳನೆಯ ಕಂದು ಉಂಗುರವೊಂದಿತ್ತು. ಇಂಜಿನ್ ಎಣ್ಣೆ ಇರಬೇಕೆಂದು ಅವಳು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅತ್ತೆ ಬೆರಳು ಒದ್ದೆ ಮಾಡಿ ಅದನ್ನು ಉಜ್ಜಿದರು. ಹೆಬ್ಬೆರಳಿಗೆ ಒತ್ತಿ ಬಿಡಿಸಿದರು. ಎಳೆ ಎದ್ದಿತು. ಮೂಸಿ ನೋಡಿದರು. ಅವರ ಮುಖದ ಮೇಲೆ ನಗುವೋ ಸಿಟ್ಟೋ, ಏನೋ ಒಂದು ಹಾದುಹೋಯಿತು.

"ಇಂಜಿನ್ನಿಗೆ ಅಂಟ್ಕೊಂಡೇ ಇದೆಯಲ್ಲ, ಮೊಣಕೈ ಥರ ಬಾಗಿದ ಆ ರಬ್ಬರ್ ಕೊಳವೆ — ಅದರೊಳಗೆ ನೋಡಿದ್ಯಾ?"

ನೋಡಿರಲಿಲ್ಲ. ತೂತು ಕಂಡ ಮೇಲೆ ಅವಳು ಇನ್ನೇನನ್ನೂ ನೋಡಿರಲಿಲ್ಲ. ಈಗ ಕೈ ತೂರಿಸಿದಳು. ಬೆರಳಿಗೆ ಏನೋ ಮೆತ್ತಗೆ ತಗುಲಿತು. ಹೊರಗೆ ಎಳೆದರೆ ತೊಗಲಿನ ಪುಟ್ಟ ಬಿಲ್ಲೆ. ಅದರ ಬೆನ್ನಿಗೆ ಸಣ್ಣ ಸ್ಪ್ರಿಂಗು. ಕಾರು ಕೆಮ್ಮಿದ್ದು ಇದು ಗಂಟಲಿಗೆ ಸಿಕ್ಕಿಕೊಂಡಿದ್ದರಿಂದ.

ಅಕಾರ್ಡಿಯನ್ ಸ್ವರ ನಿಂತಿತು.

"ಇದು ತೂತಲ್ಲ, ಬಾಗಿಲು," ಎಂದರು ಅತ್ತೆ. "ಸುಮ್ಮನಿದ್ದಾಗ ಮುಚ್ಚಿರುತ್ತೆ. ಪೈಪಿನ ಕೆಳಗಿನ ಬಾಯಿಗೆ ನೀರು ಅಡ್ಡ ಬಂದ್ರೆ ಇಂಜಿನ್ ಜೋರಾಗಿ ಎಳೆಯುತ್ತಲ್ಲ, ಆಗ ಇದು ತೆರ್ಕೊಂಡು ಮೇಲಿಂದ ಗಾಳಿ ಕೊಡುತ್ತೆ. ಕೊರೆದಿದ್ದು ಚೆನ್ನಾಗೇ ಇದೆ. ಅಂಟು ಮಾತ್ರ ಅಕಾರ್ಡಿಯನ್ನಿಗೆ ಹಾಕೋ ತೊಗಲಿನ ಅಂಟು. ಬಿಸಿ, ತೇವ ತಾಗಿದ್ರೆ ಕರಗುತ್ತೆ. ಇಂಜಿನ್ ಬಿಸಿಯಾಗುತ್ತೆ ಅನ್ನೋದನ್ನ ಮರೆತು ಈ ಅಂಟು ಹಾಕೋರು ಊರಿಗೆಲ್ಲ ಒಬ್ಬರೇ. ಆ ವಾಸನೆ ಜೊತೆ ನಾನು ಅರ್ಧ ಆಯಸ್ಸು ಕಳೆದಿದೀನಿ."

ಅಡುಗೆಮನೆಯ ಬಾಗಿಲಲ್ಲಿ ಮಾವ, ಸಿಕ್ಕಿಬಿದ್ದ ಕಳ್ಳನಂತೆ ನೆಲ ನೋಡುತ್ತ ನಿಂತಿದ್ದರು.

ಆಗ ನೆನಪಾಯಿತು ಸೊಸೆಗೆ. ಬಾಯಿ ಅಷ್ಟು ಕೆಳಗಿದ್ದರೆ ಮಳೆ ಬಂದಾಗ ಕಾರು ನೀರು ಕುಡಿಯುವುದಿಲ್ಲವೇ ಎಂದು ಮಾವ ಊಟಕ್ಕೆ ಕೂತಾಗ ಕೇಳಿದ್ದರು. ನಿಮ್ಮ ಅಕಾರ್ಡಿಯನ್ ಪೆಟ್ಟಿಗೆ ಬೇರೆ, ನನ್ನ ಇಂಜಿನ್ ಬೇರೆ ಎಂದು ಅವಳು ನಕ್ಕುಬಿಟ್ಟಿದ್ದಳು.

"ಮತ್ತೆ ನಗ್ತೀಯ ಅಂತ ಹೇಳ್ಲಿಲ್ಲ," ಎಂದರು ಮಾವ. "ಹೇಳ್ಬೇಕಿತ್ತು. ಮಗನ್ನ ಬೈತಿದ್ದಾಗಲಾದ್ರೂ ಹೇಳ್ಬೇಕಿತ್ತು."

ಸೊಸೆಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಮಾಡಿದ್ದು ಯಾರು ಅಂತ ಹೇಳಿದೆ. ನನ್ನ ಕೆಲಸ ಮುಗೀತು," ಎಂದು ಅತ್ತೆ ಕೈ ಒರೆಸಿಕೊಂಡರು. "ಸ್ಕ್ರೂಡ್ರೈವರ್ ವಿಷಯ ನೀವಿಬ್ಬರೂ ಮಾತಾಡ್ಕೊಳ್ಳಿ."

ಗಂಡ ಮೆಟ್ಟಿಲ ಮೇಲೆ ಕೂತಿದ್ದ. ಎದುರಿನ ಬೀದಿ ಮಂಜಿನಲ್ಲಿ ತೇಲಾಡುತ್ತಿತ್ತು. ಅವಳು ಸ್ವಲ್ಪ ಜಾಗ ಬಿಟ್ಟು ಪಕ್ಕದಲ್ಲಿ ಕೂತಳು. ತಪ್ಪಾಯಿತು ಎಂದಳು. ಅವನು ತಲೆ ಅಲ್ಲಾಡಿಸಿದ.

"ಪೈಪು ಸಡಿಲ ಮಾಡೋಕೇ ಹೋಗಿದ್ದೆ. ಸುಳ್ಳು ಯಾಕೆ ಹೇಳ್ಲಿ? ನೀನು ಅದನ್ನ ಒರೆಸಿ ಒರೆಸಿ ಹೊಳಪು ತಂದಿದ್ದೆ. ನೋಡ್ತಾ ನಿಂತೆ. ಕೈ ಬರ್ಲಿಲ್ಲ, ವಾಪಸ್ ಬಂದೆ."

ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅದರ ಬೆನ್ನಿಗೇ ಅಳುವೂ ಬಂತು.

"ಹೆದರಿಕೆ ಆದ್ರೆ ನಂಗೆ ಹೇಳು," ಎಂದಳು. "ಕಾರಿಗೆ ಹೇಳ್ಬೇಡ."

ಸಂಜೆ ಮಾವ–ಸೊಸೆ ಸೇರಿ ತೊಗಲಿನ ಬಾಗಿಲನ್ನು ಪುಟ್ಟ ತಿರುಪುಗಳಿಂದ ಬಿಗಿದರು. ಅಂಟಿನ ಬಟ್ಟಲನ್ನು ಅತ್ತೆ ಬಚ್ಚಿಟ್ಟಿದ್ದರು.

ಬೆಳಗ್ಗೆ ಮಳೆ. ರೇಸಿನ ಗುಡ್ಡದವರೆಗೆ ಬರುತ್ತೇನೆಂದು ಗಂಡ ಪಕ್ಕದ ಸೀಟಿನಲ್ಲಿ ಕೂತ. ರೈಲು ಸೇತುವೆಯ ಕೆಳಗೆ ಆಕಾಶದ ಬಣ್ಣದ ನೀರು ಹರಡಿತ್ತು. ಆಳ ಎಷ್ಟಿರಬಹುದೆಂದು ಇಬ್ಬರಿಗೂ ಅಂದಾಜಾಗಲಿಲ್ಲ. ನೀರು ಬಂಪರ್ ಮುಳುಗಿಸಿತು. ಇಂಜಿನ್ ಒಂದು ಗಳಿಗೆ ಉಸಿರು ಕಟ್ಟಿತು. ಅವಳು ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ. ಗಂಡ ಕಣ್ಣು ಮುಚ್ಚಿದ. ಆದರೆ ಬೇಡ ಎನ್ನಲಿಲ್ಲ.

ಬಾನೆಟ್ಟಿನ ಒಳಗೆ ಏನೋ ಮೆಲ್ಲಗೆ ತೆರೆದುಕೊಂಡಿತು. ಹಿಂದಿನ ಕೋಣೆಯಲ್ಲಿ ಮಾವ ಅಕಾರ್ಡಿಯನ್ ಬಿಚ್ಚುವಾಗ, ಸ್ವರ ಹುಟ್ಟುವ ಮುಂಚೆ ಬರುವ ಅದೇ ನೀಳವಾದ ಉಸಿರು. ಕಾರು ಗುಡುಗುತ್ತ ದಡ ಹತ್ತಿತು. ಆಗಲೇ ಗಂಡನೂ ಹಿಡಿದಿದ್ದ ಉಸಿರು ಬಿಟ್ಟ.