ಹುರಿದ ಮಣ್ಣು

"ನಿಮ್ಮ ಮಣ್ಣು ಬರೇ ಸುಳ್ಳೈತಿ" ಎಂದ ಈಶಪ್ಪ.

ಸಿಟ್ಟು ಬರಬೇಕಾಗಿತ್ತು. ಶೇಖವ್ವನಿಗೆ ಬಂದದ್ದು ಕುತೂಹಲ. ನರಗುಂದದಲ್ಲಿ ಇನ್ನೂ ಸಂಸ್ಥಾನಿಕರ ಆಳ್ವಿಕೆಯಿದ್ದ ಕಾಲವದು. ಯಾವಗಲ್ ಊರಿನ ಅವಳ ಮನೆಯ ಹಿತ್ತಲಲ್ಲಿ ಒಂದು ಬನ್ನಿಗಿಡವಿತ್ತು. ಅದರ ಬುಡದ ಮಣ್ಣು ಉದುರಿಸಿದರೆ ಎಂಥ ಹುಣ್ಣೂ ಮಾಯುತ್ತದೆಂದು ಸುತ್ತಲ ಊರವರೆಲ್ಲ ಬರುತ್ತಿದ್ದರು. ಯಾಕೆ ಮಾಯುತ್ತದೆಂದು ತಲೆ ಕೆಡಿಸಿಕೊಂಡವಳು ಅವಳೊಬ್ಬಳೇ.

ಸವಡಿಯ ಈಶಪ್ಪನಿಗೆ ಕುಡುಗೋಲು ತಾಗಿ ಅಂಗೈಯಲ್ಲಿ ಕೀವಾಗಿತ್ತು; ಅವಳಿಂದ ಒಯ್ದ ಮಣ್ಣು ಹಾಕಿದರೂ ಮಾಯ್ದಿರಲಿಲ್ಲ. ಬಾವು ಮೊಣಕೈಗೆ ಏರಿದರೆ ಕೈ ಉಳಿಯುವುದಿಲ್ಲವೆಂದು ಹಿರಿಯರು ಹೇಳಿದ್ದರು.

"ನಾ ಕೊಟ್ಟದ್ದು ಉಳದೈತೇನ್ರಿ?"

ಅವನು ಗಂಟು ಬಿಚ್ಚಿದ. ಅವಳು ಚಿಟಿಕೆ ತೆಗೆದು ಮೂಸಿದಳು, ಮೂಗು ಸೊಟ್ಟ ಮಾಡಿ ಮತ್ತೆ ಮೂಸಿದಳು. ಆ ಮುಖ ನೋಡುತ್ತ ಈಶಪ್ಪ ನೋವನ್ನೇ ಮರೆತ.

"ಇದಕ್ಕ ಮೊದಲ ಮಳಿ ವಾಸನಿ ಇತ್ತು. ಎಲ್ಲಿ ಹೋತು?"

"ಮಣ್ಣಾಗ ಹುಳ ಇರತಾವಂತ ನಮ್ಮವ್ವ ಹಂಚಿನ ಮ್ಯಾಲ ಹುರದು ಕೊಟ್ಟಾಳ."

ಶೇಖವ್ವ ನಕ್ಕುಬಿಟ್ಟಳು. "ಮಣ್ಣೇನ್ ಕಡ್ಲಿ ಏನ್ರಿ, ಹುರಿಯಾಕ?" ಆಮೇಲೆ ಆ ಚಿಟಿಕೆಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ಹಂಗಾರ ಇದರಾಗ ಜೀವ ಇರೂದೇನೋ ಐತಿ. ಬೆಂಕಿಗೆ ಸತ್ತೈತಿ."

"ಕಣ್ಣಿಗೆ ಕಾಣವಲ್ದಲ್ಲ?"

"ಮೂಗಿಗೆ ಕಾಣತೈತಲ್ರಿ."

ಗಿಡದ ಬುಡದಿಂದ ಹಸಿ ಮಣ್ಣು ಕೆದರಿ ತಂದಳು. ಕೊಡುವವರು ಹುಣ್ಣನ್ನು ಮುಟ್ಟಬಾರದೆಂಬುದು ಆ ಮನೆಯ ಪದ್ಧತಿ. ಮೇಲಿನಿಂದಲೇ ಉದುರಿಸಿದಳು. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಅವಳ ಅವ್ವ ಒಮ್ಮೆ ಕೆಮ್ಮಿದಳು. ಅವನ ಕಣ್ಣು ತನ್ನ ಬಳೆಗಳ ಮೇಲಿದೆಯೆಂದು ಶೇಖವ್ವನಿಗೆ ಗೊತ್ತಿತ್ತು. ಗೊತ್ತಿದ್ದೇ ನಿಧಾನ ಮಾಡಿದಳು.

ಅವನು ದಿನಾ ಬಂದ. ಬಾವು ಇಳಿಯಿತು, ಕೀವು ಬತ್ತಿತು, ಕೊನೆಗೆ ಎಳೆಯ ಚರ್ಮ ಕೂಡಿತು.

"ಇನ್ನ ಬರೂದು ಬ್ಯಾಡ್ರಿ" ಎಂದಳು. ಹುಣ್ಣು ಇಷ್ಟು ಲಗೂ ಮಾಯಬಾರದಿತ್ತು ಅನ್ನಿಸಿ ನಾಚಿಕೆಯಾಯಿತು.

ಮರುದಿನ ಅವನು ಮತ್ತೆ ಬಾಗಿಲಲ್ಲಿ. ವಾಸಿಯಾದ ಅಂಗೈ ಬಿಚ್ಚಿದ. ಅದರ ತುಂಬ ಕರಿ ಮಣ್ಣು.

"ಇದು ನಮ್ಮ ಹೊಲದ್ದು. ವಾಸನಿ ನಿನಗ ಸೇರತೈತೇನು ನೋಡು. ಸೇರಿದ್ರ ನಮ್ಮಪ್ಪನ್ನ ಮಾತಾಡಾಕ ಕಳಸ್ತೀನಿ."

ಅವಳು ಆ ಅಂಗೈ ಮೇಲೆ ಬಗ್ಗಿ, ಮುಟ್ಟದೆ, ಕಣ್ಣು ಮುಚ್ಚಿ ಮೂಸಿದಳು. ಅವ್ವ ಈ ಸಲ ಕೆಮ್ಮಲಿಲ್ಲ.

"ಕಳಸ್ರಿ" ಎಂದಳು. "ಆದ್ರ ನಿಮ್ಮವ್ವಗ ಮೊದಲ ಹೇಳಿಬಿಡ್ರಿ, ನಾ ಬಂದ ಮ್ಯಾಲ ಹಂಚಿನ ಮ್ಯಾಲ ರೊಟ್ಟಿ ಅಷ್ಟ."